ಜೀಪಿನ ಹಿಂದೆ ಓಡಿದ ನಮ್ಮ ಭಾವ

ನಮ್ಮ ಅಕ್ಕನ ಗಂಡ ಪೊಲೀಸ್ ಜೀಪಿನ ಡ್ರೈವರು. ಠಾಣೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಕ್ಲೈಮ್ಯಾಕ್ಸ್ ಎಂದು. ಜೀಪಿಗೆ ಡೀಸೆಲ್ ಹಾಕಿಸಿಕೊಂಡು ಬಂದ ಕಥೆ ಹೇಳಿದರೂ ಅದಕ್ಕೊಂದು ಆರಂಭ, ನಡುವೆ ಒಂದು ಅಡಚಣೆ, ಕೊನೆಗೊಂದು ಹೊಡೆದಾಟ ಇರಲೇಬೇಕು ಅವರಿಗೆ. ಹೊಡೆದಾಟ ನಡೆದಿರದಿದ್ದರೆ, "ಇನ್ನೇನು ಕೈ ಎತ್ಬೇಕು ಅನ್ನೋಷ್ಟ್ರಲ್ಲಿ ಅವ್ನೇ ಸುಮ್ನಾದ" ಎಂದಾದರೂ ಮುಗಿಸುತ್ತಾರೆ.

ಅವರ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ ಇದೆ. ಎದುರಿಗೇ ಪೊಲೀಸ್ ವಸತಿಯ ಗೇಟು. ಸಡಿಲವಾದ ಸಮವಸ್ತ್ರ ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು ನನ್ನ ಕೆಲಸ. ಎರಡನೆಯದೇ ಹೆಚ್ಚು ಬರುತ್ತದೆ. ಅಳತೆ ತೆಗೆಯುವಾಗ ಕೈ ಎತ್ತಿ ನಿಂತವರಿಗೆ ಮಾತಾಡುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಗುಂಡುಸೂಜಿ ಕಚ್ಚಿಕೊಂಡ ನಾನು ನಡುವೆ ಬಾಯಿ ಹಾಕುವಂತಿಲ್ಲ. ಹೀಗೆ ಕೇಳಿ ಕೇಳಿ ಕೂಡಿಸಿದ ಕಥೆ ಇದು. ಸ್ವಲ್ಪ ಭಾವ ಹೇಳಿದ್ದು, ಸ್ವಲ್ಪ ಅವರ ಜೊತೆ ಕೆಲಸ ಮಾಡಿದ ಮೇಡಮ್ ಹೇಳಿದ್ದು, ಉಳಿದದ್ದು ಎಲ್ಲವನ್ನೂ ಕಣ್ಣಾರೆ ಕಂಡ ಒಬ್ಬ ಬೇಕರಿಯವನದು. ಮೂವರ ಮಾತೂ ಒಂದೇ ಆದ ಕಡೆ ಹಾಗೆಯೇ ಬರೆದಿದ್ದೇನೆ. ಬೇರೆ ಬೇರೆಯಾದ ಕಡೆ ಭಾವನ ಮಾತಿನಲ್ಲಿ ಅರ್ಧ ಕಳೆದಿದ್ದೇನೆ.

ಭಾವನ ಅಪ್ಪ ಒಂದು ಸಿನಿಮಾ ಮಂದಿರದಲ್ಲಿ ಬಾಗಿಲು ಕಾಯುತ್ತಿದ್ದರು. ಟಿಕೆಟ್ ಹರಿಯುವುದು, ಟಾರ್ಚ್ ಬಿಟ್ಟು ಸೀಟು ತೋರಿಸುವುದು ಅವರ ಕೆಲಸ. ಎಂಬತ್ತರ ದಶಕ ಅದು. ಶಾಲೆ ಬಿಟ್ಟೊಡನೆ ಭಾವ ಅಲ್ಲಿಗೆ ಓಡಿ, ಬಾಗಿಲ ಪರದೆಯ ಮಡಿಕೆಯೊಳಗೆ ನಿಂತು ಸಿನಿಮಾ ನೋಡುತ್ತಿದ್ದರಂತೆ. ಆಗ ಇಬ್ಬರು ಪೊಲೀಸರ ಚಿತ್ರಗಳು ಒಂದರ ಹಿಂದೊಂದು ಬರುತ್ತಿದ್ದವು. ಒಬ್ಬ ಸದಾ ನಗುವವನು, ಇನ್ನೊಬ್ಬ ಸತ್ತರೂ ನಗದವನು. ಮಧ್ಯಂತರದ ತನಕ ಇಬ್ಬರಿಗೂ ಎಣ್ಣೆ ಸೀಗೆಕಾಯಿ, ಆಮೇಲೆ ಒಬ್ಬನಿಗೆ ಗುಂಡು ತಗುಲಿದರೆ ಇನ್ನೊಬ್ಬನ ಕಣ್ಣಲ್ಲಿ ನೀರು. ಅವರ ಕಾರು ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿಗೆ ನುಗ್ಗಬೇಕು. ಮತ್ತು ಯಾವ ಚಿತ್ರವಾದರೂ ಸರಿ, ಇಬ್ಬರು ಆಳುಗಳು ದೊಡ್ಡದೊಂದು ಗಾಜು ಹಿಡಿದುಕೊಂಡು ಅದೇ ಹೊತ್ತಿಗೆ ರಸ್ತೆ ದಾಟಬೇಕು.

"ಆ ಗಾಜು ಯಾರ ಮನೆಗೆ ಹೋಗ್ತಿತ್ತೋ ಏನೋ, ಒಂದು ಸಲಾನೂ ತಲುಪ್ಲಿಲ್ಲ," ಎಂದು ಭಾವ ಈಗಲೂ ಮರುಗುತ್ತಾರೆ.

ಆ ಪರದೆಯೊಳಗೆ ನಿಂತೇ ಅವರು ಪೊಲೀಸ್ ಆಗುವುದೆಂದು ತೀರ್ಮಾನಿಸಿದ್ದು. ಆದದ್ದು ಡ್ರೈವರ್. ಅದಕ್ಕೂ ಬೇಸರವಿರಲಿಲ್ಲ, ಕಾರು ಓಡಿಸುವವನಿಲ್ಲದೆ ಚೇಸಿಂಗ್ ಎಲ್ಲಿಂದ ಬರಬೇಕು? ಆದರೆ ಇಷ್ಟು ವರ್ಷ ಆ ಜೀಪು ಸಾಗಿಸಿದ್ದು ಕುಡಿಯುವ ನೀರಿನ ಕ್ಯಾನು, ರಸ್ತೆಗೆ ಅಡ್ಡ ಇಡುವ ಬ್ಯಾರಿಕೇಡು, ಸಾಹೇಬರ ತಾಯಿಯನ್ನು ಹಲ್ಲಿನ ಡಾಕ್ಟರ ಹತ್ತಿರಕ್ಕೆ. ಒಬ್ಬ ಕಳ್ಳನನ್ನೂ ಅಟ್ಟಿಸಿಕೊಂಡು ಹೋದದ್ದಿಲ್ಲ. "ದೇವ್ರೇ, ರಿಟೈರ್ ಆಗೋದ್ರೊಳಗೆ ಒಂದೇ ಒಂದು ಚೇಸ್ ಕೊಟ್ಬಿಡಪ್ಪ" ಎಂದು ಸ್ನಾನ ಮಾಡಿ ಕೈ ಮುಗಿಯುವಾಗ ಗಟ್ಟಿಯಾಗಿಯೇ ಬೇಡಿಕೊಳ್ಳುತ್ತಿದ್ದರು. ಅಕ್ಕ ಅಡುಗೆಮನೆಯಿಂದ, "ಹಾಗೇ ಒಂದು ಸಿಲಿಂಡರೂ ಕೇಳ್ರಿ, ಇವತ್ತೋ ನಾಳೆನೋ ಅಂತಿದೆ" ಎನ್ನುತ್ತಿದ್ದಳು.

ಅವರ ವೇಷವನ್ನು ಹೇಳಲೇಬೇಕು. ಹಣೆಯ ಮೇಲೆ ಅಲೆಯ ಹಾಗೆ ಎತ್ತಿ ಬಾಚಿದ ಕೂದಲು. ಹಿಂದೆ ಅದು ತಾನಾಗಿ ನಿಲ್ಲುತ್ತಿತ್ತು, ಈಗ ಎಣ್ಣೆಯ ಆಸರೆ ಬೇಕು. ಕಣ್ಣಿಗೆ ಕಪ್ಪು ಕನ್ನಡಕ. ಸಾಹೇಬರ ಕಣ್ಣು ತಪ್ಪಿದೊಡನೆ ಅಂಗಿಯ ಮೇಲೊಂದು ಕಂದು ಜಾಕೆಟ್ಟು. ಅದನ್ನು ಹೊಲಿದವಳು ನಾನೇ. ಜೀಪಿನ ಸೀಟಿಗೆ ತಂದ ರೆಕ್ಸಿನ್ ಮಿಕ್ಕಿತ್ತು, ಚರ್ಮದ ಜಾಕೆಟ್ಟಿನ ಹಾಗೆಯೇ ಕಾಣಬೇಕೆಂದು ದುಂಬಾಲು ಬಿದ್ದರು. ಅದನ್ನು ತೊಟ್ಟು ಅವರು ಸೀಟಿನಲ್ಲಿ ಕೂತರೆ ಸೀಟು ಎಲ್ಲಿ ಮುಗಿಯಿತು, ಭಾವ ಎಲ್ಲಿ ಶುರುವಾದರು ಎಂಬುದು ತಿಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಎರಡೂ ಅಂಟಿಕೊಂಡು, ಏಳುವಾಗ ಪಟಪಟನೆ ಸದ್ದು ಬರುತ್ತಿತ್ತು.

ಇನ್ನು ಜೀಪು. ಅದರ ಸೆಲ್ಫ್ ಸ್ಟಾರ್ಟರ್ ಎಂದೋ ಕಣ್ಣು ಮುಚ್ಚಿತ್ತು. ಹೊಸದಕ್ಕೆ ಬರೆದ ಕಾಗದ ಮೇಲಿನ ಕಚೇರಿಗಳಲ್ಲಿ ಪ್ರವಾಸ ಮಾಡುತ್ತಲೇ ಇತ್ತು. ಹಾಗಾಗಿ ಭಾವ ಎಲ್ಲಿಗೆ ಹೋದರೂ ಮೊದಲು ಇಳಿಜಾರು ಹುಡುಕುತ್ತಿದ್ದರು. ಮೂತಿ ಕೆಳಮುಖವಾಗಿ ನಿಲ್ಲಿಸುವುದು, ಹೊರಡುವಾಗ ಹಾಗೇ ಉರುಳಲು ಬಿಟ್ಟು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಡುವುದು. ಜೀಪು ಒಮ್ಮೆ ಬಿಕ್ಕಿ ಸ್ಟಾರ್ಟ್ ಆಗುತ್ತಿತ್ತು. ಹ್ಯಾಂಡ್‌ಬ್ರೇಕ್ ಕೂಡ ಹೆಸರಿಗೆ ಮಾತ್ರ. ಜೀಪನ್ನು ನಿಲ್ಲಿಸಿ ಹಿಡಿಯುತ್ತಿದ್ದುದು ಒಂದು ಕಲ್ಲು. ತಲೆದಿಂಬಿನ ಆಕಾರದ ಬೂದು ಕಲ್ಲು. ಸೀಟಿನ ಕೆಳಗೆ ಗೋಣಿಚೀಲದ ಮೇಲೆ ಅದರ ಜಾಗ. ಭಾವ ಅದನ್ನು ಪಾರ್ಟ್ನರ್ ಎನ್ನುತ್ತಿದ್ದರು.

"ನಾನು ಊಟ ಮಾಡಿದ್ನಾ ಅಂತ ಒಂದಿನ ಕೇಳಿದ್ದಿಲ್ಲ," ಎನ್ನುತ್ತಿದ್ದಳು ಅಕ್ಕ. "ಆ ಕಲ್ಲಿಗೆ ಮಾತ್ರ ಹಾಸಿಗೆ ಬೇರೆ."

"ಅದು ಎದುರು ಮಾತಾಡಲ್ಲ ಕಣೇ."

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಸುತ್ತೋಲೆ ಮೇಡಮ್ ಬಂದರು. ಟ್ರಾಫಿಕ್ ವಿಭಾಗದಲ್ಲಿ ವರ್ಷಗಟ್ಟಲೆ ಬಿಸಿಲು ಕುಡಿದು ಈ ಠಾಣೆಗೆ ವರ್ಗವಾಗಿ ಬಂದ ಹೆಡ್ ಕಾನ್ಸ್‌ಟೇಬಲ್. ವಯಸ್ಸಿನಲ್ಲಿ ಭಾವನಿಗಿಂತ ಬಹಳ ಚಿಕ್ಕವರು. ಏನು ಕೇಳಿದರೂ "ಅದಕ್ಕೊಂದು ಸುತ್ತೋಲೆ ಇದೆ" ಎಂದು ಶುರುಮಾಡುತ್ತಿದ್ದುದರಿಂದ ಮೊದಲ ವಾರದಲ್ಲೇ ಆ ಹೆಸರು ಅಂಟಿತು. ಅವರ ಮುಖದಲ್ಲಿ ನಗು ಕಂಡವರೇ ಇರಲಿಲ್ಲ. ಒಮ್ಮೆ ನನ್ನಲ್ಲಿಗೆ ಅಳತೆ ಕೊಡಲು ಬಂದವರು, ಒಳಗೆ ಕಾಲಿಡುವ ಮೊದಲು ನಮ್ಮ ಮನೆ ಮುಂದಿನ ರಸ್ತೆಯಲ್ಲಿದ್ದ ಅರ್ಧ ಇಟ್ಟಿಗೆಯನ್ನು ಎತ್ತಿ ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ಬಂದರು.

ಆ ದಿನಗಳಲ್ಲೇ ಕನ್ನಡಿ ಕಳ್ಳನ ಕಾಟ ಶುರುವಾದದ್ದು. ನಿಲ್ಲಿಸಿಟ್ಟ ಕಾರು, ಸ್ಕೂಟರುಗಳ ಪಕ್ಕದ ಕನ್ನಡಿಗಳು ಹಾಡಹಗಲೇ ಮಾಯವಾಗುತ್ತಿದ್ದವು. ಜನ ಬೈದರು, ಪತ್ರಿಕೆಯವರು ಬರೆದರು. ಕೊನೆಗೊಂದು ದಿನ ಠಾಣೆಯ ಮುಂದೆಯೇ ನಿಂತಿದ್ದ ಭಾವನ ಜೀಪಿನ ಬಲಗಡೆಯ ಕನ್ನಡಿಯೂ ಹೋಯಿತು. ಅಂದು ಭಾವ ಊಟ ಮಾಡಲಿಲ್ಲ.

ಇನ್ಸ್‌ಪೆಕ್ಟರ್ ಸಾಹೇಬರು ಭಾವನನ್ನೂ ಮೇಡಮ್ಮನ್ನೂ ಒಟ್ಟಿಗೆ ಕರೆದು ನಿಲ್ಲಿಸಿಕೊಂಡರು. "ಈ ಕಳ್ಳ ನಿಮ್ಮಿಬ್ರಿಗೆ. ಮುಂದಿನ ವಾರ ದೊಡ್ಡ ಸಾಹೇಬ್ರು ಗಾಡಿಗಳ ತಪಾಸಣೆಗೆ ಬರ್ತಾರೆ. ಕ್ಲೈಮ್ಯಾಕ್ಸ್, ಕಿವಿಗೊಟ್ಟು ಕೇಳು. ಆ ಜೀಪಿನ ಮೇಲೆ ಇನ್ನೊಂದು ಗೀರು ಬಿದ್ರೂ ಅದು ಗುಜರಿಗೆ, ನೀನು ವೈರ್‌ಲೆಸ್ ಕೋಣೆಗೆ. ಮತ್ತೆ ಸ್ಟೇರಿಂಗ್ ಮುಟ್ಟೋ ಮಾತೇ ಇಲ್ಲ."

ವೈರ್‌ಲೆಸ್ ಕೋಣೆ ಎಂದರೆ ಠಾಣೆಯ ಹಿಂಭಾಗದಲ್ಲಿ ಕಿಟಕಿಯಿಲ್ಲದ ಗೂಡು. ಕಿವಿಗೆ ಒಂದು ಯಂತ್ರ ಹಾಕಿಕೊಂಡು ನಿವೃತ್ತಿಯ ತನಕ "ಓವರ್, ಓವರ್" ಎನ್ನುತ್ತಾ ಕೂರುವುದು. ಮನೆಗೆ ಬಂದು ಭಾವ ಅಷ್ಟನ್ನೂ ಹೇಳಿದರು. ಕಥೆಗೆ ಹೊಡೆದಾಟ ಸೇರಿಸಲಿಲ್ಲ. ಅಕ್ಕ ನನ್ನ ಮುಖ ನೋಡಿದಳು.

"ಒಳ್ಳೇದೇ ಆಯ್ತಲ್ಲ ಬಿಡಿ, ನೆರಳಲ್ಲಿ ಕೂತ್ಕೊಳೋ ಕೆಲಸ," ಎಂದಳು, ಬಾಯಿ ಮಾತಿಗೆ.

"ಸ್ಟೇರಿಂಗ್ ಹಿಡಿದಾಗ ಮಾತ್ರ ಕಣೇ ನಾನು ಪೊಲೀಸು," ಎಂದರು ಭಾವ. "ಇಳಿದ್ರೆ ಬಾಗ್ಲು ಕಾಯೋನ ಮಗ."

ಅಕ್ಕ ಅನ್ನದ ಪಾತ್ರೆ ಎಳೆದುಕೊಂಡಳು. ಅವರಿಗೆ ಮತ್ತೆ ಬಡಿಸಿದಳು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಿತ್ತು ಅವರಿಬ್ಬರ ಜೋಡಿ. ಭಾವನಿಗೆ ಛಾವಣಿಯಿಂದ ಹಾರಬೇಕು, ಮೇಡಮ್ಮಿಗೆ ಛಾವಣಿಯ ಮಾಲೀಕರಿಂದ ಮೊದಲು ಒಪ್ಪಿಗೆ ಬೇಕು. ಅವರು ಜೀಪು ಹತ್ತಿದ ಮೊದಲ ದಿನವೇ, "ಡ್ರೈವರ್ರೇ, ಹ್ಯಾಂಡ್‌ಬ್ರೇಕ್ ಸರಿ ಇದೆ ತಾನೇ?" ಎಂದು ಕೇಳಿದ್ದರು.

"ಬಂಡೆ ಇದ್ದ ಹಾಗಿದೆ ಮೇಡಮ್ಮೋರೇ," ಎಂದಿದ್ದರು ಭಾವ. ಇಲ್ಲವೆಂದರೆ ಮೇಡಮ್ ಅಲ್ಲಿಯೇ ವರದಿ ಬರೆದು ಜೀಪನ್ನು ನಿಲ್ಲಿಸಿಬಿಡುವರೆಂಬ ಭಯ. ಹ್ಯಾಂಡ್‌ಬ್ರೇಕ್ ಇಲ್ಲದ ಲಾರಿಯೊಂದರ ಡ್ರೈವರನ್ನು ಅವರು ಅರ್ಧ ದಿನ ಬಿಸಿಲಲ್ಲಿ ನಿಲ್ಲಿಸಿದ ಸುದ್ದಿ ಠಾಣೆಗೆಲ್ಲ ಗೊತ್ತಿತ್ತು. ಅಂದಿನಿಂದ ಭಾವ ಕಲ್ಲನ್ನು ಕದ್ದು ಇಡತೊಡಗಿದರು. ಕನ್ನಡಕ ಒರೆಸುವವರಂತೆ ಬಗ್ಗಿ, ಕಾಲಲ್ಲಿ ಮೆಲ್ಲನೆ ತಳ್ಳಿ ಚಕ್ರದ ಕೆಳಗೆ ಸೇರಿಸುವುದು. ಹೊರಡುವಾಗ ಶೂ ಲೇಸ್ ಕಟ್ಟುವವರಂತೆ ಬಗ್ಗಿ ಎತ್ತಿಕೊಳ್ಳುವುದು. "ಅವ್ರಿಗೆ ಸೊಂಟ ನೋವಿದೆಯಾ?" ಎಂದು ಮೇಡಮ್ ಒಮ್ಮೆ ನನ್ನನ್ನು ಕೇಳಿದರು. ಬಾಯಲ್ಲಿ ಸೂಜಿಗಳಿದ್ದದ್ದು ಒಳ್ಳೆಯದಾಯಿತು.

ಕಳ್ಳ ಹೆಚ್ಚಾಗಿ ಕೈಚಳಕ ತೋರಿಸುತ್ತಿದ್ದುದು ಪೇಟೆಯ ಇಳಿಜಾರು ಬೀದಿಯಲ್ಲಿ. ಮೇಲ್ತುದಿಗೆ ಒಂದು ಬೇಕರಿ, ಉದ್ದಕ್ಕೂ ಸಾಲಾಗಿ ನಿಂತ ಕಾರುಗಳು, ಕೆಳತುದಿಗೆ ಅಡ್ಡರಸ್ತೆ, ಅದರಾಚೆ ಗಾಜು ಮತ್ತು ಟೈಲ್ಸ್ ಅಂಗಡಿ. ಪೊಲೀಸ್ ಜೀಪು ಕಂಡರೆ ಕಳ್ಳ ಬರುವುದಿಲ್ಲವೆಂದು ಮೇಡಮ್ ಅದಕ್ಕೊಂದು ಟಾರ್ಪಾಲು ಹೊದಿಸಿ, ಕೆಟ್ಟು ನಿಂತ ಗಾಡಿಯ ಹಾಗೆ ಬೇಕರಿಯ ಗೋಡೆಗೆ ಒತ್ತಿ ನಿಲ್ಲಿಸಲು ಹೇಳಿದರು. ಬಲಗಡೆ ಗೋಡೆ ಇದ್ದುದರಿಂದ ಭಾವ ಅಂದು ಕಲ್ಲನ್ನು ಎಡಚಕ್ರದ ಮುಂದೆ, ಟಾರ್ಪಾಲಿನ ಅಂಚಿನ ಕೆಳಗೆ ತಳ್ಳಿದರು. ಮೇಡಮ್ ಎಡಸೀಟಿನಲ್ಲಿ ಕೂತು ಟಾರ್ಪಾಲಿನ ಸಂದಿಯಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ಒಳಗೆ ಬೇಯುವಷ್ಟು ಸೆಕೆ.

"ಮೇಡಮ್ಮೋರೇ, ಸಿನಿಮಾದಲ್ಲಿ ಇಂಥ ಹೊತ್ತಲ್ಲಿ ಇಬ್ರೂ ಮನಸು ಬಿಚ್ಚಿ ಮಾತಾಡ್ತಾರೆ," ಎಂದರು ಭಾವ.

"ಡ್ಯೂಟಿ ಮೇಲೆ ಮಾತಾಡೋ ಹಾಗಿಲ್ಲ."

"ಅದಕ್ಕೂ ಸುತ್ತೋಲೆ ಇದೆಯಾ?"

"ಇದೆ. ನಿಮ್ಮ ಜಾಕೆಟ್ ಬಿಚ್ಚಿ. ಬಿಸಿಗೆ ರಬ್ಬರ್ ಸುಟ್ಟ ವಾಸನೆ ಬರ್ತಿದೆ."

ಜಾಕೆಟ್ ಬಿಚ್ಚುವ ಬದಲು ಭಾವ ಸಿಟ್ಟಿನಿಂದ ಜೀಪಿನ ಹಿಂಬದಿಯಿಂದ ಇಳಿದು ಬೇಕರಿಗೆ ಚಹಾ ಕುಡಿಯಲು ಹೋದರು.

ಸರಿಯಾಗಿ ಆಗಲೇ ಮೊಪೆಡ್ ಮೇಲೆ ಒಬ್ಬ ಬಂದ. ಹಿಂದೆ ಇಸ್ತ್ರಿ ಬಟ್ಟೆಯ ದೊಡ್ಡ ಗಂಟು. ಬೀದಿಯ ನಡುಭಾಗದಲ್ಲಿ ನಿಲ್ಲಿಸಿ, ಒಂದು ಕಾರಿನ ಪಕ್ಕ ಬಗ್ಗಿ, ಮೀಸೆ ತಿದ್ದಿಕೊಳ್ಳುವವನಂತೆ ಕನ್ನಡಿ ನೋಡಿಕೊಂಡ. ಮರುಕ್ಷಣ ಅವನು ನೆಟ್ಟಗೆ ನಿಂತಾಗ ಕಾರಿನಲ್ಲಿ ಕನ್ನಡಿ ಇರಲಿಲ್ಲ, ಗಂಟು ಸ್ವಲ್ಪ ಉಬ್ಬಿತ್ತು.

ಮೇಡಮ್ ಟಾರ್ಪಾಲು ಸರಿಸಿ ಕೆಳಗೆ ಹಾರಿದರು. ಕಾಲಿಗೆ ಏನೋ ತಗುಲಿತು. ನೋಡಿದರೆ ಕಲ್ಲು, ರಸ್ತೆಯ ಮೇಲೆ. "ಆಗ ನಾನು ಯೋಚ್ನೆನೇ ಮಾಡ್ಲಿಲ್ಲ," ಎಂದರು ನನ್ನ ಹತ್ತಿರ. "ಎದುರಿಗೆ ಕಳ್ಳ ಇದ್ದ. ಆದ್ರೂ ಕೈ ತಾನಾಗೇ ಹೋಯ್ತು." ಕಲ್ಲನ್ನು ಎಳೆದು ಫುಟ್‌ಪಾತಿನ ಮೇಲಿಟ್ಟು, ಶಿಳ್ಳೆ ಬಾಯಿಗಿಟ್ಟುಕೊಂಡು ಓಡಿದರು.

ಜೀಪು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಮೆಲ್ಲನೆ ಹೊರಟಿತು.

ಭಾವ ಚಹಾ ಗ್ಲಾಸು ಹಿಡಿದು ಬೇಕರಿಯ ಮೆಟ್ಟಿಲ ಮೇಲೆ ನಿಂತಿದ್ದರು. ಟಾರ್ಪಾಲು ಹೊದ್ದ ತಮ್ಮ ಜೀಪು ಯಾರ ಅಪ್ಪಣೆಯೂ ಇಲ್ಲದೆ ಮುಂದಿನಿಂದ ಹಾದುಹೋಯಿತು. "ಅಯ್ಯಯ್ಯೋ! ಹಿಡೀರಿ! ಹಿಡೀರಿ!" ಎಂದು ಕೂಗುತ್ತಾ ಗ್ಲಾಸನ್ನು ಬೇಕರಿಯವನ ಕೈಗೆ ಕೊಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿದರು. ಗ್ಲಾಸು ಎಸೆಯಬೇಕಿತ್ತು, ಸಿನಿಮಾದಲ್ಲಿ ಎಸೆಯುತ್ತಾರೆ ಎಂದು ಆಮೇಲೆ ಬಹಳ ಪರಿತಪಿಸಿದರು.

ದೇವರು ಬೇಡಿದ್ದನ್ನು ಕೊಡುತ್ತಾನೆ, ಆದರೆ ಹೇಗೆ ಕೊಡಬೇಕೆಂಬುದನ್ನು ತನ್ನಲ್ಲೇ ಇಟ್ಟುಕೊಂಡಿರುತ್ತಾನೆ. ಭಾವ ಒಂದು ಚೇಸ್ ಕೇಳಿದ್ದರು. ಸಿಕ್ಕಿತು. ಜೀಪು ಮುಂದೆ, ಅವರು ಹಿಂದೆ.

ಟಾರ್ಪಾಲಿನ ತುದಿ ಕೈಗೆ ಸಿಕ್ಕಿತು. ಎಳೆದರು. ಜೀಪು ನಿಲ್ಲಲಿಲ್ಲ, ಟಾರ್ಪಾಲು ಕಳಚಿ ಬಂದು ಅವರ ಮೇಲೆಯೇ ಮುಸುಕಾಯಿತು. ಒಂದಷ್ಟು ದೂರ ಟಾರ್ಪಾಲು ತಾನೇ ಓಡುತ್ತಿರುವಂತೆ ಕಾಣುತ್ತಿತ್ತು ಎಂದು ಬೇಕರಿಯವನು ಪ್ರಮಾಣ ಮಾಡುತ್ತಾನೆ. ಅದರಿಂದ ಬಿಡಿಸಿಕೊಂಡು ಮತ್ತೆ ಓಡಿದರು.

ಕಳ್ಳ ಅಷ್ಟರಲ್ಲಿ ಖಾಕಿ ಕಂಡು ಮೊಪೆಡ್ ಹತ್ತಿ ಕೆಳಕ್ಕೆ ಹೊರಟಿದ್ದ. ಬೆನ್ನ ಹಿಂದೆ ಇಂಜಿನ್ನಿನ ಸದ್ದಿಲ್ಲದೆ ಜೀಪೊಂದು ಬರುತ್ತಿರುವುದು ಅವನಿಗೆ ತಿಳಿಯಲಿಲ್ಲ. ಊರವರ ಕನ್ನಡಿಗಳನ್ನೆಲ್ಲ ಕಿತ್ತವನ ಸ್ವಂತ ಮೊಪೆಡ್ಡಿಗೆ ಒಂದು ಕನ್ನಡಿಯೂ ಇರಲಿಲ್ಲ.

ಜೀಪು ಪಕ್ಕದಲ್ಲಿ ಹಾದುಹೋದಾಗ ಮೇಡಮ್ಮಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು: ಆ ಸೊಂಟ ನೋವು, ಆ ಕಲ್ಲು, ತಮ್ಮ ಕೈ. ಕೆಳಗಡೆ ಅಡ್ಡರಸ್ತೆಯಲ್ಲಿ ಶಾಲಾ ವ್ಯಾನು ತಿರುಗುತ್ತಿತ್ತು. ಕೋಲೂರಿದ ಮುದುಕರೊಬ್ಬರು ರಸ್ತೆಗೆ ಇಳಿಯುತ್ತಿದ್ದರು. ಮತ್ತು, ನಾನು ಮೊದಲು ನಂಬಲಿಲ್ಲ, ಮೂವರೂ ಬೇರೆ ಬೇರೆಯಾಗಿ ಹೇಳಿದ ಮೇಲೆ ನಂಬಿದೆ, ಅಂಗಡಿಯ ಇಬ್ಬರು ಆಳುಗಳು ಟೆಂಪೋದಿಂದ ದೊಡ್ಡದೊಂದು ಗಾಜು ಇಳಿಸಿಕೊಂಡು ರಸ್ತೆ ದಾಟುತ್ತಿದ್ದರು.

ಮೇಡಮ್ ಬೀದಿಯ ನಡುವೆ ನಿಂತು ಶಿಳ್ಳೆ ಊದಿದರು. ಟ್ರಾಫಿಕ್‌ನಲ್ಲಿ ಪಳಗಿದ ಶಿಳ್ಳೆ. ವ್ಯಾನು ನಿಂತಿತು. ಮುದುಕರು ಎತ್ತಿದ ಕೋಲನ್ನು ಎತ್ತಿದಂತೆಯೇ ಹಿಡಿದರು. ಗಾಜಿನವರೂ ನಟ್ಟ ನಡುರಸ್ತೆಯಲ್ಲೇ ನಿಂತುಬಿಟ್ಟರು. ಮೇಡಮ್ ಬಲಗೈಯಿಂದ ವ್ಯಾನನ್ನು ತಡೆದು, ಎಡಗೈಯಿಂದ ಗಾಜಿನವರನ್ನು "ದಾಟಿ, ದಾಟಿ" ಎಂದು ಬೀಸಿದರು. ಅವರು ಪುಟ್ಟ ಪುಟ್ಟ ಹೆಜ್ಜೆಯಿಟ್ಟು ದಾಟತೊಡಗಿದರು.

ಆ ಶಿಳ್ಳೆಗೆ ಇನ್ನೊಬ್ಬನೂ ನಿಂತ. ಕಳ್ಳನೇ. ಓಡುತ್ತಿರುವವನು ಶಿಳ್ಳೆಗೆ ನಿಲ್ಲುತ್ತಾನೆಯೇ? ಆದರೆ ಇಷ್ಟು ವರ್ಷದ ಅಭ್ಯಾಸ, ಕೈ ತಾನಾಗಿ ಬ್ರೇಕ್ ಹಿಡಿಯಿತು. ಹಿಂದೆ ತಿರುಗಿ ನೋಡಿದರೆ ಡ್ರೈವರಿಲ್ಲದ ಪೊಲೀಸ್ ಜೀಪು ಸದ್ದಿಲ್ಲದೆ ತನ್ನ ಮೇಲೆ ಬರುತ್ತಿದೆ. ಹೆದರಿ ಹ್ಯಾಂಡಲ್ ಬಿಟ್ಟು, ಮೊಪೆಡ್ ಸಮೇತ ರಸ್ತೆಯ ಮಧ್ಯೆ ಬಿದ್ದ.

ಅದೇ ಹೊತ್ತಿಗೆ ಭಾವ ಜೀಪನ್ನು ಮುಟ್ಟಿದ್ದರು. ಬಾಗಿಲ ಕಂಬಿ ಹಿಡಿದು ಒಳಗೆ ಹಾರಿಕೊಂಡರು. ಜಾಕೆಟ್ಟು ಸೀಟಿಗೆ ಅಂಟಿತು. ಆ ಜೀಪಿನ ಕಾಲುಬ್ರೇಕು ಒಂದೇ ತುಳಿತಕ್ಕೆ ಹಿಡಿಯುವುದಿಲ್ಲ, ಮತ್ತೆ ಮತ್ತೆ ತುಳಿಯಬೇಕು. ಅದಕ್ಕೆ ಸಮಯವಿರಲಿಲ್ಲ. ಮುಂದೆ ನೆಲದ ಮೇಲೆ ಬಿದ್ದ ಮನುಷ್ಯ, ಅವನ ಆಚೆ ಗಾಜು. ಎಡಗಡೆ ಒಂದು ಉಗ್ರಾಣದ ಕಲ್ಲುಗೋಡೆ, ಗೋಡೆಯ ತುದಿಗೆ ರಟ್ಟಿನ ಪೆಟ್ಟಿಗೆಗಳ ರಾಶಿ.

"ಗೋಡೆ ನೋಡ್ದೆ. ಸಾಹೇಬ್ರ ಮುಖ ಕಣ್ಣ ಮುಂದೆ ಬಂತು," ಎಂದರು ಭಾವ ನನ್ನ ಹತ್ತಿರ. ಈ ಮಾತಿನಲ್ಲಿ ಮಾತ್ರ ನಾನು ಅರ್ಧ ಕಳೆಯಲಿಲ್ಲ. "ಹೋಯ್ತು ನನ್ನ ಸ್ಟೇರಿಂಗು ಅನ್ಕೊಂಡೆ. ತಿರುಗಿಸ್ದೆ."

ಜೀಪು ಗೋಡೆಗೆ ಮೈ ಉಜ್ಜಿಕೊಂಡು, ಕಿರುಚಿ, ಕಿಡಿ ಹಾರಿಸಿ, ಪೆಟ್ಟಿಗೆಗಳಿಗೆ ನುಗ್ಗಿತು. ಸಿನಿಮಾದ ಪೆಟ್ಟಿಗೆಗಳು ಖಾಲಿ ಇರುತ್ತವೆ. ಇವುಗಳ ತುಂಬ ನೆಲಕ್ಕೆ ಹಾಸುವ ಟೈಲ್ಸ್ ಇದ್ದವು.

ಧೂಳು ಇಳಿದಾಗ ಜೀಪಿನ ಮೂತಿ ಹಪ್ಪಳದಂತಾಗಿತ್ತು. ಭಾವ ಇಳಿದರು. ಜಾಕೆಟ್ಟಿನ ಬೆನ್ನು ಪೂರ್ತಿಯಾಗಿ ಸೀಟಿನಲ್ಲೇ ಉಳಿಯಿತು, ತೋಳುಗಳು ಮಾತ್ರ ಅವರ ಜೊತೆ ಬಂದವು. ಕಳ್ಳನ ಗಂಟು ಬಿಚ್ಚಿ ಕನ್ನಡಿಗಳೆಲ್ಲ ರಸ್ತೆಯುದ್ದಕ್ಕೂ ಚೆಲ್ಲಿದ್ದವು. ಭಾವ ಕೆಳಗೆ ನೋಡಿದರು. ಪ್ರತಿ ಕನ್ನಡಿಯಲ್ಲೂ ಒಬ್ಬೊಬ್ಬ ಭಾವ, ಅಲೆಯಂಥ ಕೂದಲು ಹಣೆಗೆ ಅಂಟಿ, ಕಪ್ಪು ಕನ್ನಡಕ ಒಂದೇ ಕಿವಿಗೆ ಜೋತಾಡುತ್ತಾ. ಅಭ್ಯಾಸಬಲದಿಂದ ಜೇಬಿನಿಂದ ಬಾಚಣಿಗೆ ತೆಗೆದರು.

ಕಳ್ಳ ಬಿದ್ದಲ್ಲಿಂದಲೇ ಕೇಳಿದ: "ಅಣ್ಣಾ, ನಿಮ್ಗೇನೂ ಆಗ್ಲಿಲ್ಲ ತಾನೇ?"

"ನಿಂಗೇನಾದ್ರೂ ಆಯ್ತಾ ಅದನ್ನ ಹೇಳು ಮೊದ್ಲು."

"ಇಲ್ಲ ಅಣ್ಣ. ಹೆದರಿಕೆ ಅಷ್ಟೇ."

"ಹಂಗಾದ್ರೆ ನೀನು ಅರೆಸ್ಟು," ಎಂದರು ಭಾವ. ಜೀವಮಾನವಿಡೀ ಕಾದಿಟ್ಟ ಮಾತು, ಬಾಚಣಿಗೆ ತೋರಿಸಿ ಹೇಳಿದರು.

ಆಗ ಹಿಂದಿನಿಂದ ಒಂದು ಸದ್ದು ಬಂತು. ಮೇಡಮ್ ರಸ್ತೆಯ ಮಧ್ಯೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದರು. ಶಿಳ್ಳೆ ಇನ್ನೂ ಬಾಯಲ್ಲೇ ಇತ್ತು. ಹಾಗಾಗಿ ಅವರ ನಗು ಪೀ ಪೀ ಎಂದು ಬರುತ್ತಿತ್ತು, ವ್ಯಾನಿನವನು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಪೇಚಾಡುತ್ತಿದ್ದ. ಅಷ್ಟು ಹೊತ್ತಿಗೆ ಗಾಜಿನವರು ಅಂಗಡಿ ತಲುಪಿ, ಗಾಜನ್ನು ಒಳಗೆ ಒರಗಿಸಿದರು. ಒಂದು ಬಿರುಕೂ ಇಲ್ಲ.

"ತಲುಪ್ತು!" ಎಂದು ಭಾವ ಕೂಗಿದರು. "ನೋಡಿದ್ರಾ ಮೇಡಮ್ಮೋರೇ, ತಲುಪ್ತು!" ಅವರ ಕಣ್ಣಲ್ಲಿ ನೀರಿತ್ತು ಎಂದು ಬೇಕರಿಯವನು ಹೇಳುತ್ತಾನೆ. ಧೂಳು ಬಿದ್ದಿತ್ತು ಎಂದು ಭಾವ ಹೇಳುತ್ತಾರೆ.

ಸಂಜೆ ಸಾಹೇಬರ ಮುಂದೆ ಇಬ್ಬರೂ ನಿಂತರು. ಭಾವ, "ಹ್ಯಾಂಡ್‌ಬ್ರೇಕ್ ಇಲ್ದೇ ಇದ್ದಿದ್ದು ನಾನೇ ಮುಚ್ಚಿಟ್ಟಿದ್ದೆ ಸರ್. ಮೇಡಮ್ಮೋರ್ದೇನೂ ತಪ್ಪಿಲ್ಲ" ಎಂದರು. ಮೇಡಮ್, "ಕಲ್ಲು ತೆಗ್ದಿದ್ದು ನಾನು ಸರ್" ಎಂದರು.

"ಇಲ್ಲ ಸರ್, ಇಟ್ಟಿದ್ದು ನಾನು."

"ತೆಗೀದೇ ಇದ್ರೆ ಏನೂ ಆಗ್ತಿರ್ಲಿಲ್ಲ ಸರ್."

"ಇಡೋದು ಯಾಕೆ ಬೇಕಿತ್ತು ಹೇಳಿ ಸರ್!"

ಸಾಹೇಬರು ಮೇಜು ಗುದ್ದಿದರು. ಕಳ್ಳ ಸಿಕ್ಕಿದ್ದಕ್ಕೆ ಇಬ್ಬರಿಗೂ ಶಹಬ್ಬಾಸ್ ಹೇಳಿದರು. ಜೀಪು ಗುಜರಿಗೆ ಎಂದರು. ಭಾವನನ್ನು ನೋಡಿ, ಧ್ವನಿ ತಗ್ಗಿಸಿ, "ಹೇಳಿದ್ದೆ ಅಲ್ವೇನಯ್ಯ. ಆ ಮನುಷ್ಯನ್ನ ಉಳಿಸ್ದೆ, ದೊಡ್ಡ ಮಾತು. ಆದ್ರೆ ಸ್ಟೇರಿಂಗ್ ಇನ್ನು ಬೇಡ" ಎಂದರು.

ಭಾವ ವೈರ್‌ಲೆಸ್ ಕೋಣೆ ಸೇರಿದರು. ಮನೆಗೆ ಬಂದರೆ ಮಾತಿಲ್ಲ, ಕಥೆಯಿಲ್ಲ. "ಉಪ್ಪು ಕೊಡು, ಓವರ್" ಎಂದು ಒಮ್ಮೆ ಬಾಯಿ ತಪ್ಪಿ ಅಂದದ್ದಕ್ಕೆ ನಾವು ನಗಲಿಲ್ಲ. ಆ ದಿನಗಳಲ್ಲಿ ನನ್ನ ಪ್ರಾರ್ಥನೆ ಸ್ವಲ್ಪ ಉದ್ದವಾಗುತ್ತಿತ್ತು.

ಒಂದು ಭಾನುವಾರ ಮೇಡಮ್ ನನ್ನಲ್ಲಿಗೆ ಬಂದರು. ಕೈಯಲ್ಲೊಂದು ಚೀಲ. ಅದರಲ್ಲಿ ಜೀಪಿನ ಸೀಟಿನಿಂದ ಜೋಪಾನವಾಗಿ ಬಿಡಿಸಿ ತಂದ ಜಾಕೆಟ್ಟಿನ ಬೆನ್ನು. "ಇದನ್ನ ತೋಳಿಗೆ ಕೂಡಿಸೋಕಾಗತ್ತಾ ಅಕ್ಕ?" ಎಂದರು. ನಾನು ನೋಡುತ್ತಿರುವಾಗ ತಾವಾಗಿಯೇ ಹೇಳತೊಡಗಿದರು. ಅವರ ತಮ್ಮ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ, ಕೆಟ್ಟು ನಿಂತಿದ್ದ ಲಾರಿಯವರು ಚಕ್ರಕ್ಕಿಟ್ಟ ಕಲ್ಲನ್ನು ಅಲ್ಲಿಯೇ ಬಿಟ್ಟು ಹೋಗಿದ್ದರಂತೆ. ಅದರ ಮೇಲೆ ಹತ್ತಿ ಬಿದ್ದ. ಈಗಲೂ ಕುಂಟುತ್ತಾನೆ. "ಅವತ್ತಿಂದ ರಸ್ತೇಲಿ ಕಲ್ಲು ಕಂಡ್ರೆ ಬಿಟ್ಟು ಮುಂದೆ ಹೋಗೋಕಾಗಲ್ಲ ನಂಗೆ."

ಒಳಬಾಗಿಲ ಪರದೆ ಅಲ್ಲಾಡಿತು. ಪರದೆಯ ಮಡಿಕೆಯಲ್ಲಿ ನಿಂತು ಕೇಳುವುದು ಭಾವನಿಗೆ ಚಿಕ್ಕಂದಿನ ಅಭ್ಯಾಸ.

"ನಾನು ಒಂದು ದಿನಾನೂ ಬಿಟ್ಟು ಬಂದಿಲ್ಲಮ್ಮ," ಎಂದರು ಹೊರಬಂದು. "ಎತ್ತಿ ಸೀಟಿನ ಕೆಳಗೆ ಇಟ್ಕೊಂಡೇ ಹೊರಡ್ತಿದ್ದೆ."

"ಗೊತ್ತು ಅಣ್ಣ. ಗೋಣಿಚೀಲದ ಹಾಸಿಗೆ ನೋಡ್ದೆ." ಮೇಡಮ್ ಅವರನ್ನು ಅಣ್ಣ ಎಂದದ್ದು ಅದೇ ಮೊದಲು. "ಠಾಣೆಗೆ ಹೊಸ ಜೀಪು ಬಂದಿದೆ. ಡ್ರೈವರ್ ಇಲ್ಲ. ನಾನು ಕಲೀತೀನಿ ಅಂತ ಸಾಹೇಬ್ರಿಗೆ ಹೇಳ್ದೆ. ಕಲಿಸೋರು ಯಾರು ಅಂದ್ರು."

"ಯಾರಂತೆ?"

"ಸ್ಟೇರಿಂಗ್ ಮುಟ್ಟೋ ಹಾಗಿಲ್ಲ, ಎಡಗಡೆ ಕೂತು ಹೇಳ್ಕೊಡಬಹುದಲ್ವಾ ಸರ್ ಅಂದೆ. ಸಾಹೇಬ್ರು ಹೂಂ ಅಂದ್ರು. ಆಮೇಲೆ, ಆ ಜಾಕೆಟ್ ಮಾತ್ರ ಹಾಕ್ಕೊಂಡು ಬರೋದು ಬೇಡ ಅಂತ ಹೇಳು ಅಂದ್ರು."

ಅಕ್ಕ ಒಳಗಿನಿಂದ, "ಆ ಷರತ್ತಿಗೆ ಮನೆಯವರೆಲ್ಲರ ಒಪ್ಪಿಗೆ ಇದೆ!" ಎಂದು ಕೂಗಿದಳು.

ಭಾವ ಒಳಗೆ ಹೋದರು. ಕನ್ನಡಿಯ ಮುಂದೆ ಬಾಚಣಿಗೆಯ ಸದ್ದು ಕೇಳಿಸಿತು.

ಈಗ ಬೆಳಿಗ್ಗೆ ನಾನು ಕಿಟಕಿ ತೆರೆಯುವ ಹೊತ್ತಿಗೆ ಹೊಸ ಜೀಪು ನಮ್ಮ ಬೀದಿಯಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಹೋಗುತ್ತ ಇರುತ್ತದೆ. ಸ್ಟೇರಿಂಗ್ ಹಿಂದೆ ಸುತ್ತೋಲೆ ಮೇಡಮ್, ಎಡಸೀಟಿನಲ್ಲಿ ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ತಬ್ಬಿಕೊಂಡ ಭಾವ. "ಕ್ಲಚ್ಚು ತಂಗಿ, ಕ್ಲಚ್ಚು! ಅಯ್ಯೋ ಅದು ವೈಪರ್!" ಈಗ ನಗುವವರು ಮೇಡಮ್. ನಗದವರು ಭಾವ, ಬೆವರು ಒರೆಸಿಕೊಳ್ಳುತ್ತ.

ಹೊಸ ಜೀಪಿನ ಸೆಲ್ಫ್ ಚೆನ್ನಾಗಿದೆ, ಹ್ಯಾಂಡ್‌ಬ್ರೇಕು ಗಟ್ಟಿಯಾಗಿದೆ. ಆದರೂ ಆ ಬೂದು ಕಲ್ಲು ಅದೇ ಗೋಣಿಚೀಲದ ಮೇಲೆ ಭಾವನ ಕಾಲ ಬಳಿ ಇರುತ್ತದೆ. ಅಪಘಾತವಾದ ದಿನವೇ ಮೇಡಮ್ ಬೇಕರಿಯ ತನಕ ನಡೆದು ಹೋಗಿ ಅದನ್ನು ಹೊತ್ತು ತಂದಿದ್ದರಂತೆ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಮೇಡಮ್ ಹ್ಯಾಂಡ್‌ಬ್ರೇಕ್ ಎಳೆಯುತ್ತಾರೆ, ಭಾವ ಇಳಿದು, ಯಾವ ನಾಟಕವೂ ಇಲ್ಲದೆ, ಕಲ್ಲು ಇಡುತ್ತಾರೆ. ಹೊರಡುವಾಗ ಮೇಡಮ್ ಇಳಿದು ಎತ್ತುತ್ತಾರೆ. ಎತ್ತುವ ಸರದಿಯನ್ನು ಅವರು ಭಾವನಿಗೆ ಬಿಟ್ಟುಕೊಡುವುದಿಲ್ಲ. ಆದರೆ ಈಗ, ಎತ್ತುವ ಮೊದಲು ತಲೆಯೆತ್ತಿ ಒಮ್ಮೆ ಕೇಳುತ್ತಾರೆ:

"ಅಣ್ಣಾ, ತೆಗೀಲಾ?"